ಬಾಲ್ಕನಿಯ ಕೆಂಪು ಹೊದಿಕೆ

ಕಾಸ್ತೆಲ್ಲೊರಿಜೊ,
ಗುರುವಾರ, 17 ಮಾರ್ಚ್ 1988

ಕ್ರಿಸಾಫೀನಾ,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಬೇಕಾದರೆ ಬೆಳಕಿಗೆ ಹಿಡಿದು ನೋಡಿಕೋ.

ನಿನ್ನ ಕಾಗದವನ್ನು ಕಳೆದ ಶುಕ್ರವಾರ ದೋಣಿಯ ಅಗಾಪಿತೋಸ್ ತಂದುಕೊಟ್ಟ. ಲಕೋಟೆಯ ಮೇಲೆ 'ಮೆಯಿಸ್ ದ್ವೀಪ' ಎಂದು ಬರೆದಿದ್ದೀಯ. ಹನ್ನೊಂದು ವರ್ಷ ಎದುರಿನ ತುರ್ಕಿ ದಡದಲ್ಲಿ ಬಾಳಿದ ಮೇಲೆ, ಹುಟ್ಟಿದ ಗ್ರೀಕ್ ಊರಿಗೂ ತುರ್ಕರಿಟ್ಟ ಹೆಸರೇ ನಿನಗೆ ರುಚಿಸಿತು. ಅಗಾಪಿತೋಸನೂ ಕೊಡುವಾಗ ಸುಮ್ಮನಿರಲಿಲ್ಲ. "ನೋಡು ಎವ್ದೋಕಿಯಾ, ನಾನು ಈರುಳ್ಳಿ, ಟೊಮೇಟೊ ಸಾಗಿಸೋನು. ಅಕ್ಕ ತಂಗಿ ಇಬ್ರ ಬೆಂಕಿ ಸಾಗ್ಸಿ ಸಾಗ್ಸಿ ಒಂದಿನ ನನ್ನ ದೋಣೀನೇ ಸುಟ್ಟೋಗತ್ತೆ" ಅಂದ. ಆದರೂ ಇದನ್ನು ಅವನ ಕೈಯಲ್ಲೇ ಕಳಿಸಬೇಕು. ಅಂಚೆಗೆ ಹಾಕಿದರೆ ಅಥೆನ್ಸ್, ಇಸ್ತಾಂಬುಲ್ ಸುತ್ತಿ ಬರಲು ಮೂರು ವಾರ. ನಿನ್ನ ಊರು ನನಗೆ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ.

ನಾಡಿದ್ದು ಶನಿವಾರ ಅಮ್ಮನ ನಲವತ್ತನೆಯ ದಿನದ ಪ್ರಾರ್ಥನೆ. ಬರಲೇ ಎಂದು ಕೇಳಿದ್ದೀಯ. ಬರಬೇಡ. ಮಣ್ಣು ಹಾಕಲು ಬರದವಳು, ಸತ್ತವರ ಹೆಸರಿನಲ್ಲಿ ಬೇಯಿಸಿ ಹಂಚುವ ಗೋಧಿ ತಿನ್ನಲು ಬರಬೇಕಾಗಿಲ್ಲ. ಊರಿನವರೆಲ್ಲ ಕೇಳುತ್ತಾರೆ, ನನಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಅಮ್ಮ ಕಳೆದ ತಿಂಗಳು ಒಂದು ಶನಿವಾರ ಹಾಸಿಗೆ ಹಿಡಿದಳು, ಮಂಗಳವಾರ ಹೋದಳು, ಬುಧವಾರ ಮಣ್ಣು ಮಾಡಿದೆವು. ತೆಂಕಣ ಗಾಳಿ ಎದ್ದು ಅಗಾಪಿತೋಸನ ದೋಣಿಯೂ ರೋಡ್ಸ್ ದ್ವೀಪದ ಹಡಗೂ ನಿಂತಿದ್ದವು, ಟೆಲಿಫೋನ್ ಸತ್ತಿತ್ತು. ನಿನಗೆ ಸುದ್ದಿ ಮುಟ್ಟಿದ್ದೇ ಶುಕ್ರವಾರ, ಒಪ್ಪುತ್ತೇನೆ. ಆದರೆ ಕಾಗದದಲ್ಲಿ ಏನು ಕೇಳಿದ್ದೀಯ? ಆ ನಾಲ್ಕೂ ದಿನ ದುರ್ಬೀನು ಹಿಡಿದು ನೋಡಿದೆ, ಬಾಲ್ಕನಿಯಲ್ಲಿ ಕೆಂಪು ಕಾಣಲಿಲ್ಲ, ಅಕ್ಕ ನೀನು ಹೊದಿಕೆ ಕಟ್ಟಿದ್ದೆಯಾ, ಎಂದು. ನನ್ನನ್ನು ಹೀಗೆ ಕೇಳಲು ನಿನಗೆ ಮುಖವಾದರೂ ಹೇಗೆ ಬಂತು?

ಆ ಹೊದಿಕೆ ಯಾರದೆಂದು ನೆನಪಿದೆಯೇ? ಅಮ್ಮ ನಿನ್ನ ಮದುವೆಗೆಂದು ನೇಯ್ದದ್ದು. ನೀನು ಈರುಳ್ಳಿ ತರುತ್ತೇನೆಂದು ಆ ದಡದ ಸಂತೆಗೆ ಹೋಗುವ ದೋಣಿ ಹತ್ತಿದೆ. ಸಂಜೆ ಈರುಳ್ಳಿ ಬಂತು, ನೀನು ಬರಲಿಲ್ಲ. ಅಲ್ಲಿನ ನಾಜ್ಮಿಯನ್ನು ಮದುವೆಯಾದೆ ಎಂದು ಚೀಟಿ ಬಂತು. ಎರಡು ವರ್ಷ ಅಮ್ಮ ನಿನ್ನ ಹೆಸರೆತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಪೆಟ್ಟಿಗೆಯಿಂದ ಅದನ್ನು ತೆಗೆದು ಬಾಲ್ಕನಿಗೆ ಕಟ್ಟಿದಳು. ಮಧ್ಯಾಹ್ನದೊಳಗೆ ನೀನು ನಾಜ್ಮಿಯ ದೋಣಿಯಲ್ಲಿ ಬಂದಿಳಿದೆ. ಅಂದಿನಿಂದ ಅದೇ ರೂಢಿಯಾಯಿತು, ಕೆಂಪು ಕಂಡರೆ ನೀನು ಬರಬೇಕು. ಅಮ್ಮನ ಕೈ ಮುರಿದ ವರ್ಷ ನೀನು ಏಳು ತಿಂಗಳ ಬಸುರಿ. ಆಗಲೂ ಗಾಳಿಯಿತ್ತು. ದಾರಿಯುದ್ದಕ್ಕೂ ವಾಂತಿ ಮಾಡಿಕೊಳ್ಳುತ್ತಾ ಬಂದೆ, ಬಂದವಳೇ ಒದ್ದೆ ಬಟ್ಟೆಯಲ್ಲೇ ಅವಳಿಗೆ ತಲೆ ಬಾಚಿದೆ. ಆಗ ಬಂದವಳಿಗೆ ಈ ಸಲ ಏನಾಗಿತ್ತು?

ಹೊದಿಕೆ ಕಟ್ಟಿದ್ದೆ. ಎಡಗಡೆಯ ಕಂಬಿಗೆ, ಎರಡು ಗಂಟು ಹಾಕಿ. ನಾಲ್ಕು ದಿನ ಮಳೆಯಲ್ಲಿ ನೆನೆಯಿತು. ನಿನ್ನ ದುರ್ಬೀನಿನ ಗಾಜು ಒರೆಸಿಕೋ.

ಇನ್ನೊಂದು ವಿಷಯ ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣಿಯದು. ಹನ್ನೊಂದು ವರ್ಷ ಅಮ್ಮನ ಬಟ್ಟೆ ಒಗೆದವಳು ನಾನು, ಕಾಲು ತಿಕ್ಕಿದವಳು ನಾನು. ರೋಡ್ಸ್‌ನಿಂದ ಗಂಡು ಬಂದಾಗ, ಇವಳನ್ನು ಬಿಟ್ಟು ಬರಲಾರೆ ಎಂದು ವಾಪಸು ಕಳಿಸಿದವಳೂ ನಾನೇ. ಕೊನೆಯ ದಿನಗಳಲ್ಲಿ ಅವಳ ಬಾಯಿಂದ ಬಂದದ್ದು ನಿನ್ನ ಹೆಸರು. ಸೂಪು ಕುಡಿಸಲು ಹೋದರೆ ಚಮಚ ತಳ್ಳಿ, "ಕ್ರಿಸಾಫೀನಾ ಬರ್ಲಿ, ಅವಳ ಕೈಲಿ ಕುಡೀತೀನಿ" ಅಂದಳು. "ಹಾಗಾದ್ರೆ ನಾನ್ಯಾರಮ್ಮಾ?" ಅಂದೆ. "ನೀನು ಇಲ್ಲೇ ಇರ್ತೀಯಲ್ಲೇ" ಅಂದಳು. ಹನ್ನೊಂದು ವರ್ಷಕ್ಕೆ ನನ್ನ ಪಾಲಿಗೆ ಬಂದ ಮಾತು ಇಷ್ಟೇ. ನಿನ್ನನ್ನು ಆ ಹೊತ್ತು ಎಷ್ಟು ದ್ವೇಷಿಸಿದೆನೆಂದರೆ, ಸೂಪನ್ನು ಕಿಟಕಿಯಾಚೆ ಚೆಲ್ಲಿಬಿಟ್ಟೆ.

ನೀನು ಕಳಿಸಿದ ದಾಳಿಂಬೆಗಳನ್ನು ಕೋಳಿಗಳಿಗೆ ಹಾಕಿದೆ. ಶನಿವಾರದ ಗೋಧಿಯನ್ನು ಒಬ್ಬಳೇ ಬೇಯಿಸುತ್ತೇನೆ, ಒಬ್ಬಳೇ ಇಗರ್ಜಿಗೆ ಹೊತ್ತೊಯ್ಯುತ್ತೇನೆ. ಇನ್ನು ಮುಂದೆ ಕಾಗದ ಬರೆಯಬೇಡ. ದುರ್ಬೀನನ್ನು ಮಕ್ಕಳಿಗೆ ಆಡಲು ಕೊಡು. ಈ ಮನೆಯಲ್ಲಿ ನಿನ್ನನ್ನು ಕರೆಯುವವರು ಉಳಿದಿಲ್ಲ.

ಇಲ್ಲೇ ಇರುವವಳು,
ಎವ್ದೋಕಿಯಾ

ಮರೆತ ಮಾತು: ಈಗ ಶುಕ್ರವಾರ ಬೆಳಿಗ್ಗೆ. ಅಗಾಪಿತೋಸ್ ಕೆಳಗೆ ನಿಂತು "ಕಾಗದ ಕೊಡ್ತೀಯೋ, ದೋಣಿ ಬಿಡ್ಲೋ?" ಎಂದು ಕೂಗುತ್ತಿದ್ದಾನೆ. ಬೇಗ ಬರೆಯುತ್ತೇನೆ, ಇಲ್ಲವಾದರೆ ಬರೆಯುವುದೇ ಇಲ್ಲ.

ಹೊದಿಕೆ ಕಟ್ಟಿರಲಿಲ್ಲ. ನಾಲ್ಕು ದಿನವೂ ಪೆಟ್ಟಿಗೆಯಲ್ಲೇ ಇತ್ತು, ಅದರ ಮೇಲೆ ನಾನು ಕೂತಿದ್ದೆ. ಅಮ್ಮ "ಕಟ್ಟಿದ್ಯಾ?" ಅಂದಳು, "ಕಟ್ಟಿದೀನಿ" ಅಂದೆ. ಮಂಗಳವಾರ "ದೋಣಿ ಬಂತಾ?" ಅಂದಳು. "ಬರ್ತಾ ಇದೆ" ಅಂದೆ. ಬಾಗಿಲು ನೋಡುತ್ತಲೇ ಹೋದಳು. ಕರೆದರೂ ನೀನು ಬರಲಿಲ್ಲವೆಂದುಕೊಂಡೇ ಹೋದಳು. ಕ್ಷಮೆ ಕೇಳುವುದಿಲ್ಲ, ನೀನು ಕೊಡುವುದೂ ಬೇಡ.

ದಾಳಿಂಬೆ ಗೋಡೆಯ ಮಾಡದಲ್ಲೇ ಇವೆ, ಬಿಡಿಸಿಲ್ಲ.

ಇವತ್ತು ಎದ್ದವಳೇ ಹೊದಿಕೆ ಕಟ್ಟಿದ್ದೇನೆ. ಒಂದೇ ಗಂಟು ಹಾಕಿದ್ದೆ, ಗಾಳಿಗೆ ಹಾರಿಹೋದರೆ ಹೋಗಲಿ ಎಂದು. ಈಗಷ್ಟೇ ಹೋಗಿ ಇನ್ನೊಂದು ಗಂಟು ಹಾಕಿ ಬಂದೆ.