ಕೆರೆಗೆ ಕೊಟ್ಟ ಕ್ಯಾಸೆಟ್

ಚಿಕ್ಕಲಸಂದ್ರ
16 ಫೆಬ್ರವರಿ 2025, ಭಾನುವಾರ

ನನ್ನ ಮನು,

ಪುಣೆ ತಲುಪಿದೆಯೆಂದು ಚಿಕ್ಕಪ್ಪನ ಮನೆ ಅರ್ಪಿತ ಹೇಳಿದಳು. ಕೆಮ್ಮು ಕಡಿಮೆಯಾಯಿತೇ? ಹಾಲಿಗೆ ಅರಿಶಿನ ಹಾಕಿ ಕುಡಿ. ನನ್ನ ಮಂಡಿನೋವು ಹಾಗೇ ಇದೆ. ನಿಮ್ಮಪ್ಪ ಬಾಡಿಗೆಯವರಿಗೆ ನೀರಿನ ಮೋಟಾರು ಹಾಕುತ್ತಾರೆ, ಪೇಪರ್ ಓದುತ್ತಾರೆ. ನಿನ್ನ ಅಕ್ಕನ ರೂಮಿಗೆ ಮಾತ್ರ ಕಾಲಿಡುವುದಿಲ್ಲ. ಶಾಲಿನಿ ತೀರಿಹೋಗಿ ಈ ಯುಗಾದಿಗೆ ಎರಡು ವರ್ಷವಾಗುತ್ತದೆ.

ಜಯನಗರದಲ್ಲಿ ನಿನ್ನ ಸಿನಿಮಾ ನೋಡಿ ಬಂದ ಮೇಲೆ ನಾನು ಏನೂ ಹೇಳಲಿಲ್ಲವೆಂದು ನಿನಗೆ ಬೇಸರವಂತೆ. ಎದುರಿಗೆ ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕತ್ರಿಗುಪ್ಪೆಯ ಸ್ಟುಡಿಯೋದವರು ತಿಪ್ಪೆಗೆ ಎಸೆಯಬೇಕೆಂದಿದ್ದ ಮದುವೆ, ಸೀಮಂತದ ಕ್ಯಾಸೆಟ್‌ಗಳನ್ನು ನೀನು ತಂದು ಒಂದು ಮಳೆಗಾಲವಿಡೀ ನಮ್ಮ ಕೆರೆಯ ಕೆಸರಿನಲ್ಲಿ ಹೂತಿಟ್ಟೆಯಂತೆ. ನೀರು, ಮಣ್ಣು ತಿಂದು ಉಳಿಸಿದ ಚಿತ್ರವೇ ಸಿನಿಮಾ ಎಂದು ಅಲ್ಲಿಯವರು ಹೇಳಿದರು. ಕತ್ತಲಲ್ಲಿ ಪಕ್ಕದ ಮನೆಯ ಲತಾಮಣಿ, ಪರದೆ ಕೆಟ್ಟಿದೆ, ಹೇಳಿ ಬರಲಾ ಎಂದು ಎರಡು ಸಲ ಎದ್ದಳು. ನಾನೂ ನಗುತ್ತಿದ್ದೆ. ಆಮೇಲೆ ಪರದೆ ತುಂಬ ಓಡುತ್ತಿದ್ದ ಗೆರೆಗಳ ನಡುವೆ ನಮ್ಮ ಮನೆಯ ಹೊಸಿಲು ಕಾಣಿಸಿತು. ಹಸಿರು ಲಂಗದಲ್ಲಿ ಶಾಲಿನಿ ಕಾಣಿಸಿದಳು.

ಪೆನ್‌ಡ್ರೈವ್‌ಗೆ ಹಾಕಿಸಿಕೊಡ್ತೀನಿ ಎಂದು ನೀನು ನನ್ನ ಬೀರುವಿನಿಂದ ತೆಗೆದುಕೊಂಡು ಹೋದ ಗೃಹಪ್ರವೇಶದ ಕ್ಯಾಸೆಟ್ ಅದು. ಗಂಗೆ ತರುವಾಗ ಬಾಯಿ ಬಿಡಬಾರದೆಂದು ಅಜ್ಜಿ ಹೇಳಿದ್ದಕ್ಕೆ, ಆ ಮಗು ಕೆರೆಯಿಂದ ಮನೆಯವರೆಗೆ ತುಟಿ ಕಚ್ಚಿಕೊಂಡೇ ಕಳಶ ಹೊತ್ತು ತಂದಿತ್ತು. ನಮ್ಮ ಮನೆಯ ಮಿಕ್ಕ ಕ್ಯಾಸೆಟ್‌ಗಳಿಗೆಲ್ಲ ವಿಡಿಯೋದವರು ಮೊದಲಿಂದ ಕೊನೆಯವರೆಗೆ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ. ಇದೊಂದರಲ್ಲಿ ಮಾತ್ರ, ಅವಳು ಕಳಶ ಇಳಿಸಿದ ಕಡೆ ಹಾಡು ನಿಂತು ಅವಳ ಧ್ವನಿ ಕೇಳುತ್ತಿತ್ತು. ಅವಳ ಆ ವಯಸ್ಸಿನ ಧ್ವನಿ ನನಗೆ ಉಳಿದಿದ್ದು ಅಷ್ಟೇ. ಈಗ ಬಾಯಿ ಆಡುತ್ತದೆ, ಬರೀ ಗೊರಗೊರ ಶಬ್ದ.

ವೇದಿಕೆಯ ಮೇಲೆ ನೀನು ಹೇಳಿದ್ದು ನೆನಪಿದೆ. "ಕೆರೆ ನಮ್ಮ ತಾಯಿ. ಅವಳಿಂದ ಕಿತ್ಕೊಂಡಿದ್ದನ್ನ ಅವಳಿಗೇ ಕೊಟ್ಟೆ. ನಕಲು ಇಟ್ಕೊಂಡ್ರೆ ಅದು ಕೊಟ್ಟ ಹಾಗಲ್ಲ." ಜನ ಚಪ್ಪಾಳೆ ತಟ್ಟಿದರು. ಕೆರೆಯ ಪಕ್ಕದ ಹೊಲ ಮಾರಿದ್ದು ನಿಮ್ಮಪ್ಪ, ಆ ದುಡ್ಡಿನಲ್ಲಿ ಬಾಡಿಗೆ ಮನೆಗಳಾದವು, ಬಾಡಿಗೆಯಲ್ಲಿ ನಿನ್ನ ಕ್ಯಾಮೆರಾ ಬಂತು. ನಾವು ಕಿತ್ತುಕೊಂಡಿದ್ದು ನಿಜ. ಹಿಂದಕ್ಕೆ ಕೊಡಬೇಕೆಂದು ನಿನಗೆ ಅನ್ನಿಸಿದ್ದೂ ತಪ್ಪಲ್ಲ. ಆದರೆ ನೀನು ಹೊಲ ಕೊಡಲಿಲ್ಲ, ಮನೆ ಕೊಡಲಿಲ್ಲ, ಕ್ಯಾಮೆರಾನೂ ಕೊಡಲಿಲ್ಲ. ನನ್ನದನ್ನು ಕೊಟ್ಟೆ.

ಮುಂದಿನ ಸಿನಿಮಾಗೆ ನಿನ್ನ ನಾಮಕರಣದ ಕ್ಯಾಸೆಟ್ ಬೇಕೆಂದು ಅರ್ಪಿತಳ ಕೈಲಿ ಹೇಳಿ ಕಳಿಸಿದ್ದೀಯ. ಅದನ್ನು ಕೊಡುವುದಿಲ್ಲ. ಧ್ವನಿ ಇಲ್ಲದಿದ್ದರೂ ಅದರಲ್ಲಿ ಅವಳ ಮುಖವಿದೆ. ನೋಡಬೇಕೆನಿಸಿದರೆ ಬರಿಗೈಯಲ್ಲಿ ಮನೆಗೆ ಬಾ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬನಶಂಕರಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ಶಾಲಿನಿಯ ಮತ್ತು ನಿನ್ನ ಅಮ್ಮ,
ನಾರಾಯಣಮ್ಮ

ಮರೆತಿದ್ದೆ: ಆ ಹುಡುಗಿ ಏನು ಹೇಳ್ತಿದಾಳೆ ಎಂದು ಮುಂದಿನ ಸಾಲಿನವರು ಕೇಳಿದಾಗ, ನೀನು ಅದು ಕೆರೆಯ ಮಾತು ಎಂದುಬಿಟ್ಟೆ. ಕೆರೆಯ ಮಾತಲ್ಲ. ಅವಳು ಹೇಳಿದ್ದು, "ಅಮ್ಮಾ, ಒಂದು ತೊಟ್ಟೂ ಚೆಲ್ಲಿಲ್ಲ ನೋಡು. ಈಗ ಪಾಪೂನ ಎತ್ಕೊಳ್ಳಲಾ?" ಆಗ ನನ್ನ ಸೊಂಟದ ಮೇಲಿದ್ದವನು ನೀನು. ಇನ್ನು ಮುಂದೆ ಯಾರಾದರೂ ಕೇಳಿದರೆ ಹಾಗೆ ಹೇಳು.