ಮೇಕೆ ಮೇಯುವಷ್ಟು ಹೊತ್ತು

ಲೆಕ್ಕದ ಮನೆ, ಅಘನಾಶಿನಿ ಅಳಿವೆ
ಸೆಪ್ಟೆಂಬರ್ ಮೂವತ್ತೊಂದು, ಎರಡು ಸಾವಿರದ ಮುನ್ನೂರ ಹನ್ನೆರಡು

ಲೆಕ್ಕದ ಲೈಬ್ರರಿಯ ಜೊತೆ ‘ಮೊದಲು ಇದನ್ನು ಓದಿ’ ಎಂಬ ಕಡತವನ್ನು ಬರೆದಿಟ್ಟವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಸೆಪ್ಟೆಂಬರಿಗೆ ಮೂವತ್ತೊಂದು ದಿನ. ಇಲ್ಲಿಯ ಲೆಕ್ಕದ ಯಂತ್ರ ಮಾತ್ರ ಇದನ್ನು ಇನ್ನೂ ಒಪ್ಪಿಲ್ಲ, ಅದರ ಪ್ರಕಾರ ಇವತ್ತು ಅಕ್ಟೋಬರ್ ಒಂದು. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಶಾಲೆಯಲ್ಲಿ ಕಲಿಸುತ್ತಾರೆ, ನಾನು ಅದನ್ನು ಅರ್ಧಕ್ಕೇ ಬಿಟ್ಟೆ. ಹೆಸರು ಸೋಮಿ. ಶಾಲೆಯಿಂದ ಬಿಡಿಸಿದರು ಎಂದು ಹೇಳಿಕೊಂಡರೆ ಕೇಳುವವರಿಗೆ ಕನಿಕರ ಬರುತ್ತದೆ, ಆದರೆ ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟದ್ದು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ಈ ಪತ್ರವನ್ನು ನಿಂತೇ ಬರೆಯುತ್ತಿದ್ದೇನೆ, ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಕಿಟಕಿಯಾಚೆ.

ಬರೆಯಲು ಕಾರಣ ನಿಮ್ಮ ಕಡತದ ಕೊನೆಯ ಸಾಲು. ಯಾವುದಾದರೂ ಪರೀಕ್ಷೆ ಸೋತರೆ ದಯವಿಟ್ಟು ನಮಗೆ ತಿಳಿಸಿ ಎಂದು ಬರೆದು ವಿಳಾಸ ಕೊಟ್ಟಿದ್ದೀರಿ. ಆ ವಿಳಾಸದಲ್ಲಿ ಈಗ ಯಾರೂ ಇಲ್ಲ ಎಂದು ಇಲ್ಲಿಯವರು ಹೇಳುತ್ತಾರೆ. ಇರಬಹುದು. ಆದರೂ ಕೇಳಿದ್ದೀರಿ, ಹೇಳಬೇಕು.

ನಮ್ಮ ಊರು ಇರುವುದು ಸಮುದ್ರ ಒಳಗೆ ನುಗ್ಗಿ ಬಂದು ನಿಂತ ಜಾಗದಲ್ಲಿ. ಗದ್ದೆಗಳು ನೀರಿಗಿಂತ ಕೆಳಗಿವೆ. ಬೆಳೆಯುವುದು ಕಗ್ಗ ಭತ್ತ, ಸ್ವಲ್ಪ ಉಪ್ಪು ಕುಡಿದರೂ ಬದುಕುವ ಜಾತಿ. ಆದರೆ ಹೂ ಬಿಡುವ ವಾರದಲ್ಲಿ ಉಪ್ಪು ಮುಟ್ಟಿದರೆ ಕಾಳು ಕಟ್ಟುವುದಿಲ್ಲ. ಈಗ ಹೂ ಬಿಟ್ಟಿದೆ, ಮತ್ತು ಇವತ್ತು ಅಮಾವಾಸ್ಯೆ, ಸಂಜೆಗೆ ಸಮುದ್ರ ಉಕ್ಕಿ ಬರುವ ದೊಡ್ಡ ಭರತ. ಗದ್ದೆಗೂ ಸಮುದ್ರಕ್ಕೂ ನಡುವೆ ಇರುವುದು ಜಂತ್ರಡಿ. ನಿಮ್ಮ ಕಾಲದಲ್ಲಿ ಅದು ಗದ್ದೆ ಬದುವಿನ ಸಣ್ಣ ಹಲಗೆ ಬಾಗಿಲಂತೆ. ನಮ್ಮದು ಊರಿನಷ್ಟು ಅಗಲ, ಮುಚ್ಚಲು ಅರ್ಧ ದಿನ ಹಿಡಿಯುತ್ತದೆ. ನೀರು ಏರಿದ್ದು ಕಂಡ ಮೇಲೆ ಮುಚ್ಚುತ್ತೇವೆಂದರೆ ಆಗದು. ಹೋಗಲಿ ಎಂದು ಬೇಗ ಮುಚ್ಚಿದರೆ ಮೇಲಿನಿಂದ ಬರುವ ಹೊಳೆ ನೀರು ಗದ್ದೆಯಲ್ಲೇ ನಿಂತು ಹೂ ಕೊಳೆಯುತ್ತದೆ. ಆದ್ದರಿಂದ ಹೊತ್ತು ಯಂತ್ರವೇ ಹೇಳಬೇಕು. ಅಳಿವೆಯ ಉದ್ದಕ್ಕೂ ನೆಟ್ಟ ಅಳತೆ ಕಂಬಗಳ ನೀರಿನ ಮಟ್ಟವನ್ನೆಲ್ಲ ಒಟ್ಟಿಗೆ ಸಮೀಕರಣಕ್ಕೆ ಹಾಕಿ ಬಿಡಿಸುತ್ತದೆ. ಬಿಡಿಸುವ ಕೆಲಸ ನಿಮ್ಮ ಲೈಬ್ರರಿಯದು, ಅಂದರೆ ನೀವು ಯಂತ್ರಕ್ಕೆಂದು ಬರೆದಿಟ್ಟ ಲೆಕ್ಕದ ಕಟ್ಟಿನದು.

ನಾವು ಅದನ್ನು ಲೈಬ್ರರಿ ಎನ್ನುವುದಿಲ್ಲ, ಲೆಕ್ಕಸಸಿ ಎನ್ನುತ್ತೇವೆ. ನೀವು ಇನ್‌ಸ್ಟಾಲ್ ಎನ್ನುವುದು ನಮಗೆ ನಾಟಿ. ನೀವು ಹೇಳಿದ ಹಾಗೆ ‘ಮೇಕ್’ ಎಂದು ಬರೆದು ಗುಂಡಿ ಒತ್ತುವುದಕ್ಕೆ ಮೇಕೆ ಬಿಡುವುದು ಎಂದು ಹೆಸರು. ಬಿಟ್ಟ ಮೇಲೆ ಅದು ಕಡತದಿಂದ ಕಡತಕ್ಕೆ ಹೋಗಿ ಎಲ್ಲ ಮೇಯುತ್ತದೆ, ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇರುತ್ತವೆ, ನಡುವೆ ಕೈ ಹಾಕುವಂತಿಲ್ಲ. ಈಗಲೂ ಮೇಯುತ್ತಿದೆ.

ಲೆಕ್ಕದ ಮನೆ ನೋಡಿಕೊಳ್ಳುವವಳು ಹೊನ್ನಕ್ಕ. ಅವಳಿಗಿಂತ ಮೊದಲು ಅವಳ ತಾಯಿ ಸಣ್ತಾಯಿ ನೋಡಿಕೊಳ್ಳುತ್ತಿದ್ದಳು. ನನ್ನ ಕೆಲಸ ಕಂಬಗಳಿಗೆ ದೋಣಿಯಲ್ಲಿ ಹೋಗಿ ಪಾಚಿ ಕೆರೆಯುವುದು. ಪ್ರತಿ ವರ್ಷ ಹೊತ್ತು ಸ್ವಲ್ಪ ತಪ್ಪುತ್ತದೆ, ಪ್ರತಿ ವರ್ಷ ಅಂಚಿನ ಒಂದು ಗದ್ದೆ ಉಪ್ಪು ಹತ್ತಿ ಬೆಳ್ಳಗಾಗುತ್ತದೆ. ಸಮುದ್ರದ ಬುದ್ಧಿಯೇ ಕೆಟ್ಟಿದೆ ಎಂದು ಬೈದುಕೊಂಡು ಹೊನ್ನಕ್ಕ ಹೊಸದಾಗಿ ಮತ್ತೊಮ್ಮೆ ನಾಟಿ ಮಾಡುತ್ತಾಳೆ. ಈ ಸಲವೂ ಮಾಡಿದಳು. ನಾನು ಪಕ್ಕದಲ್ಲಿ ಚಡಪಡಿಸುತ್ತ ನಿಮ್ಮ ಕಡತ ಓದುತ್ತಿದ್ದೆ. ನಾಟಿಗೆ ಮೊದಲು ಪರೀಕ್ಷೆ ಎಂದು ಅದರಲ್ಲಿದೆ. ನಮ್ಮಲ್ಲಿ ಯಾರೂ ಅದನ್ನು ಮಾಡಿದ್ದೇ ಇಲ್ಲ. ಹಿರಿಯರು ಕೊಟ್ಟ ಬೀಜವನ್ನು ಕಚ್ಚಿ ನೋಡುವುದು ಅವಮಾನ ಎಂಬ ಭಾವನೆ. ಪರೀಕ್ಷೆ ಮಾಡೋಣ ಎಂದೆ.

“ಕೇಳಿದ್ರಾ! ಪರೀಕ್ಷೆಗೆ ಹೆದ್ರಿ ಶಾಲೆ ಬಿಟ್ಟವ್ಳು ಯಂತ್ರಕ್ಕೆ ಪರೀಕ್ಷೆ ಕೊಡ್ತಾಳಂತೆ” ಎಂದಳು ಹೊನ್ನಕ್ಕ.

“ಹೆದ್ರಿ ಬಿಟ್ಟದ್ದಲ್ಲ, ಬೇಜಾರಾಗಿ ಬಿಟ್ಟದ್ದು. ಕಡತದಲ್ಲಿ ಮಾಡಿ ಅಂತಿದೆ.”

“ಮಾಡು ಮಾರಾಯ್ತಿ. ಇಲ್ದಿದ್ರೆ ನೀ ನನ್ನ ತಲೆ ತಿಂತೆ.”

ಮಾಡಿದೆ. ಪುಟಗಟ್ಟಲೆ ಸೋಲು. ಆಗಷ್ಟೇ ನೆಟ್ಟ ಸಸಿ ಹೀಗೇಕೆ ಸೋಲುತ್ತದೆ ಎಂದು ನನಗೆ ಗೊತ್ತಾಗಲಿಲ್ಲ. ನಾನು ಕೋಣೆಯ ತುಂಬ ಓಡಾಡಿದೆ, ಅಷ್ಟೇ. ಗೊತ್ತಾದದ್ದು ಹೊನ್ನಕ್ಕನಿಗೆ. ಅವಳು ಯಂತ್ರವನ್ನು ಮೂರಕ್ಷರದ ಒಂದು ಆಜ್ಞೆಯಿಂದ ಕೇಳಿದಳು: ನೀನು ಲೆಕ್ಕ ಮಾಡುವಾಗ ನಿಜವಾಗಿ ಯಾವ ಕಡತ ಎತ್ತಿಕೊಳ್ಳುತ್ತೀ? ಯಂತ್ರ ತೋರಿಸಿದ ದಾರಿಯ ಕೊನೆಯಲ್ಲಿ ಸಣ್ತಾಯಿಯ ಹೆಸರಿತ್ತು.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ಸತ್ತವರು ಇಟ್ಟ ಕಡತವನ್ನು ನಾವು ಅಳಿಸುವುದಿಲ್ಲ. ಊಟದ ಪಂಕ್ತಿಯಲ್ಲಿ ಹಿರಿಯರಿಗೆ ಮೊದಲ ಎಲೆ ಹಾಕುವಂತೆ ಅವರ ಜಾಗವನ್ನು ಯಂತ್ರ ಕಡತ ಹುಡುಕುವ ಸಾಲಿನಲ್ಲಿ ಮುಂದಿಡುತ್ತೇವೆ. ಯಂತ್ರವಾದರೋ ಸಾಲಿನಲ್ಲಿ ಮೊದಲು ಸಿಕ್ಕಿದ್ದನ್ನು ಎತ್ತಿಕೊಂಡು ಅಲ್ಲಿಗೇ ನಿಲ್ಲುತ್ತದೆ. ದೊಡ್ಡ ನೀರು ಬಂದ ವರ್ಷ ಸಣ್ತಾಯಿ ಅವಸರದಲ್ಲಿ, ಲೆಕ್ಕ ಬೇಗ ಆಗಲಿ ಎಂದು ಕೆಲವು ಎಚ್ಚರಿಕೆಗಳನ್ನು ತೆಗೆದುಹಾಕಿ ನೆಟ್ಟ ಸಸಿ ಅದು. ಅವತ್ತು ಅದೇ ಊರನ್ನು ಉಳಿಸಿತು. ಆಮೇಲೆ ಹೊನ್ನಕ್ಕ ನೆಟ್ಟ ಒಂದು ಸಸಿಯನ್ನೂ ಯಂತ್ರ ಮುಟ್ಟಿರಲಿಲ್ಲ. ಬೆಳ್ಳಗಾದ ಗದ್ದೆಗಳಿಗೆಲ್ಲ ನಾವು ಸಮುದ್ರವನ್ನು ಬೈದಿದ್ದೆವು.

ಅಳಿಸಿಬಿಡೋಣ ಎಂದೆ. ಹಾಗೆ ಹೇಳಬಾರದಿತ್ತೋ ಏನೋ, ಬಾಯಿಂದ ಬಂತು. ಹೊನ್ನಕ್ಕ ನನ್ನತ್ತ ನೋಡಲೂ ಇಲ್ಲ. ಹೊರಗೆ ಜಂತ್ರಡಿ ಕಾಯುವ ಗೋಯ್ದಣ್ಣ ಬಾವಿಗೆ ಬಿದ್ದವನ ಹಾಗೆ ಕೂಗುತ್ತಿದ್ದ: “ಹೊತ್ತು ಹೇಳ್ರೇ! ನಿಮ್ ಮೇಕೆ ಹೊಟ್ಟೆ ತುಂಬ್ಲಿಲ್ವಾ ಇನ್ನೂ?”

“ಅವ್ವಿಯನ್ನ ಅಳಿಸೋದಿಲ್ಲ” ಎಂದಳು ಹೊನ್ನಕ್ಕ, ನನಗಲ್ಲ, ಪರದೆಗೆ. “ಹಿಂದಿನ ಸಾಲಿಗೆ ಕೂರಿಸ್ತೇನೆ. ಬಾಗಿಲ ಹತ್ರ ಕೂತು ಕೂತು ಅವಳಿಗೂ ಸಾಕಾಗಿದೆ.” ದಾರಿಯ ಸಾಲಿನಲ್ಲಿ ತಾಯಿಯ ಜಾಗವನ್ನು ಮೊದಲಿನಿಂದ ಕೊನೆಗೆ ಬರೆದಳು. ಬರೆಯುವಾಗ ಒಂದು ಅಕ್ಷರ ತಪ್ಪಿತು, ಅಳಿಸಿ ಮತ್ತೆ ಬರೆದಳು. “ಬಿಡೇ ಮೇಕೆನ” ಎಂದಳು.

ಬಿಟ್ಟೆ. ಆಗಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಪರೀಕ್ಷೆಯ ಸಾಲುಗಳು ಓಡುತ್ತಿವೆ. ಗೆದ್ದಿತು, ಗೆದ್ದಿತು, ಗೆದ್ದಿತು. ನೀರು ಎರಡನೇ ಕಂಬದ ಕಪ್ಪು ಗುರುತಿಗೆ ಬಂದಿದೆ. ಹೊನ್ನಕ್ಕ ಚಹಾ ಕಾಯಿಸಲು ಹೋಗಿ ಒಲೆ ಹಚ್ಚುವುದನ್ನೇ ಮರೆತು ಬಂದಳು.

ನಿಂತಿತು.

ಸಾವಿರಾರು ಪರೀಕ್ಷೆಗಳಲ್ಲಿ ಒಂದೇ ಒಂದು ಸೋತಿದೆ. ಇಷ್ಟರವರೆಗೆ ತಪ್ಪಬಹುದು ಎಂದು ನೀವು ಎಳೆದ ಗೆರೆಯನ್ನು ಕೂದಲೆಳೆಯಷ್ಟು ದಾಟಿದೆ. ಹೊನ್ನಕ್ಕ ನನ್ನ ಭುಜದ ಮೇಲಿಂದ ನೋಡಿ, “ಒಂದೇ ಅಲ್ವನೇ. ಎಲ್ಲ ಸರಿ ಇದೆ ಅಂತ ಕೂಗಿ ಹೇಳು, ಅವನಿಗೆ ಧೈರ್ಯ ಬರ್ಲಿ” ಎಂದಳು. ಅವಳ ಮಾತಿಗೆ ಅರ್ಥವಿದೆ. ಜಂತ್ರಡಿಯ ಚಕ್ರ ತಿರುಗಿಸುವವರ ಕೈ ನಡುಗಬಾರದು. ಆದರೆ ಎಲ್ಲ ಸರಿ ಇಲ್ಲವಲ್ಲ. ಹೊಸ ಸಸಿಯಿಂದ ಯಂತ್ರ ಬಿಡಿಸಿಕೊಟ್ಟ ಹೊತ್ತನ್ನು ಕಿಟಕಿಯಿಂದ ಕೂಗಿದೆ, ಈಗಲೇ ಶುರು ಮಾಡಬೇಕು, ಹಳೆಯ ಲೆಕ್ಕಕ್ಕಿಂತ ಒಂದು ಗಂಟೆ ಮುಂಚೆ. ಆಮೇಲೆ ಒಂದು ಪರೀಕ್ಷೆ ಸೋತಿದೆ ಎಂದೂ ಕೂಗಿದೆ.

ಗೋಯ್ದಣ್ಣ ಚಕ್ರದ ಮೇಲೆ ಕೈ ಇಟ್ಟವನು ನಿಂತ. “ಒಂದು ಅಂದ್ರೆ ಎಷ್ಟೇ ಸೋಮಿ? ಒಂದು ಬೊಗಸೆಯಾ, ಒಂದು ಗದ್ದೆಯಾ?”

ಗೊತ್ತಿಲ್ಲ ಎಂದೆ. ಅವನು ಸಮುದ್ರದ ಕಡೆ ನೋಡಿದ, ಹೊನ್ನಕ್ಕನ ಕಡೆ ನೋಡಿದ. “ಗೊತ್ತಿಲ್ಲ ಅಂತಾದ್ರೂ ಹೇಳಿದ್ಯಲ್ಲ. ಹಂಗಾದ್ರೆ ನೀನೂ ಬಾ, ಎರಡನೇ ಕಂಬದ ಹತ್ರ ನಿಂತು ನೀರು ನೋಡಿ ಕೂಗ್ತಾ ಇರು” ಎಂದು ಚಕ್ರಕ್ಕೆ ಮೈ ಕೊಟ್ಟ. ಈಗ ಹಲಗೆಗಳು ಕಿರುಗುಟ್ಟುವುದು ಇಲ್ಲಿಗೂ ಕೇಳುತ್ತಿದೆ. ದೋಣಿ ಬಿಚ್ಚಬೇಕು. ಹೊರಡುವ ಮೊದಲು ನಿಮ್ಮಲ್ಲಿ ಎರಡು ಕೇಳಿಕೆ.

ನಾಟಿ ಆದ ಮೇಲೆ ಯಂತ್ರ ನಿಜವಾಗಿ ಯಾವುದನ್ನು ಓದುತ್ತಿದೆ ಎಂದು ಕೇಳಿ ನೋಡಿ, ಹೀಗೊಂದು ಸಾಲನ್ನು ನಿಮ್ಮ ಕಡತದಲ್ಲಿ ಸೇರಿಸಿ. ನಮ್ಮಂಥ ಮರ್ಯಾದಸ್ಥರು ಇನ್ನೂ ಹಲವು ಊರುಗಳಲ್ಲಿರಬಹುದು. ಇನ್ನೊಂದು, ಗೋಯ್ದಣ್ಣನ ಪ್ರಶ್ನೆಗೆ ಉತ್ತರ ಬರೆಯಿರಿ. ಒಂದು ಸೋತರೆ ಎಷ್ಟು ಸೋತ ಹಾಗೆ? ನನಗೆ ಉತ್ತರ ಕಳಿಸಲು ನಿಮ್ಮಿಂದ ಆಗುವುದಿಲ್ಲ, ಅದು ಗೊತ್ತು. ಕಡತದಲ್ಲೇ ಬರೆದಿಡಿ. ನಿಮ್ಮ ಕಾಲದಲ್ಲಿ ನೀವು ಇವತ್ತು ಬರೆದರೆ ಅದು ನಮ್ಮಲ್ಲಿ ಮೊದಲಿನಿಂದಲೂ ಇರುತ್ತದೆ.

ಈಗಷ್ಟೇ ನಿಮ್ಮ ಕಡತ ತೆರೆದು ನೋಡಿದೆ. ಕೊನೆಯ ಸಾಲು ಹಳೆಯದೇ ಇದೆ. ನೀವಿನ್ನೂ ಇಲ್ಲಿಯವರೆಗೆ ಓದಿರಲಿಕ್ಕಿಲ್ಲ. ಕಂಬದಿಂದ ವಾಪಸು ಬಂದವಳೇ ಮತ್ತೆ ತೆರೆಯುತ್ತೇನೆ, ಒದ್ದೆ ಕೈಯಲ್ಲೇ.

ಸೋಮಿ