ಬೇಲಿಯ ಮೇಲೆ ಹದಿನೆಂಟು ಬಟ್ಟೆ

ಕ್ಲೇರ್ ಕೌಂಟಿ, ಫೆಬ್ರವರಿ 1

ಮಾನ್ಯ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕೊಲುಂಬಾ ಅವರಿಗೆ,

ಇಂದು ಬೆಳಿಗ್ಗೆ ಶಾಲೆಯ ಬೇಲಿಯ ಮೇಲೆ ಹದಿನೆಂಟು ಬಟ್ಟೆಗಳಿದ್ದವು. ನಿನ್ನೆ, ಬ್ರಿಜಿಡ್ ಹಬ್ಬದ ಹಿಂದಿನ ಸಂಜೆ, ಹಾಕಿ ಹೋದ ನನ್ನ ತರಗತಿಯ ಮಕ್ಕಳು ಹದಿನೇಳೇ. ಹದಿನೆಂಟನೆಯದು ನೀವು ಸದಾ ಇಟ್ಟುಕೊಳ್ಳುವಂಥ ನೀಲಿ ಅಂಚಿನ ಕರವಸ್ತ್ರ. ಸಂತ ಬ್ರಿಜಿಡ್ ರಾತ್ರಿ ಮುಟ್ಟಿ ಹೋದ ಬಟ್ಟೆ ತಲೆನೋವಿಗೆ ಒಳ್ಳೆಯದಂತೆ. ಮಡಿಸಿ ನಿಮ್ಮ ಮೇಜಿನ ಮೇಲೆ ಇಟ್ಟಿದ್ದೇನೆ. ಒಗೆದರೆ ಗುಣ ಹೋದೀತೆಂದು ಒಗೆದಿಲ್ಲ.

ಪೋಷಕರಾದ ಟೂಹಿ ಅವರ ದೂರು ಓದಿದೆ. ಹೀಗೆ ಬಟ್ಟೆ ಹಾಕುವುದು ಕ್ರಿಸ್ತನಿಗಿಂತ ಹಿಂದಿನ ದೇವತೆಯ ಆಚರಣೆ, ಕ್ರೈಸ್ತ ಶಾಲೆಯಲ್ಲಿ ಬೇಡ ಎಂದಿದ್ದಾರೆ. ಮುಂದಿನ ವರ್ಷದಿಂದ ನಿಲ್ಲಿಸುತ್ತೇವೆಂದು ನಾಳೆಯ ಪೋಷಕರ ಸಭೆಗೆ ನಾಲ್ಕು ಸಾಲು ಬರೆದುಕೊಡಲು ನೀವು ಹೇಳಿದ್ದಿರಿ. ನಾನು ಬರೆಯಲು ಕುಳಿತಾಗ ಮಕ್ಕಳು ಕಿಟಕಿಯಾಚೆ ಬಟ್ಟೆ ತೆಗೆಯುತ್ತಿದ್ದರು.

"ಒಬ್ಳೇ ಇಷ್ಟೊಂದು ಬಟ್ಟೆ ಹೇಗೆ ಮುಟ್ಟಿದ್ಳು?" ಎಂದ ಫಿಂಟನ್.

"ಸಂತಳಾಗೋಕೆ ಮುಂಚೆ ಅವಳು ದೇವತೆ ಆಗಿದ್ಳಂತೆ ಕಣೋ, ನಮ್ಮಜ್ಜಿ ಹೇಳ್ತಾರೆ," ಎಂದಳು ನೂಲಾ. ಟೂಹಿ ಅವರದೇ ಮಗಳು.

"ಹಾಗಾದ್ರೆ ಇಬ್ರು ಬಂದಿದಾರೆ. ಅದಕ್ಕೇ ಬೇಗ ಮುಗ್ದಿದೆ."

ನೂಲಾ ಅದನ್ನು ಒಪ್ಪಿ, ತನ್ನ ಬಟ್ಟೆಯನ್ನು ಜೇಬಿಗೆ ತುರುಕಿಕೊಂಡಳು. "ಇದು ನಮ್ಮಪ್ಪನ ಗಂಟಲಿಗೆ. ನಾಳೆ ಸಭೇಲಿ ಜೋರಾಗಿ ಮಾತಾಡ್ಬೇಕಂತೆ."

ಸಿಸ್ಟರ್, ಆ ನಾಲ್ಕು ಸಾಲು ನನ್ನಿಂದ ಬರೆಯಲಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಸಕ್ಕರೆ ಕೇಳಲೂ ಸಂಕೋಚಪಡುವವಳು ನಾನೆಂದು ನಿಮಗೆ ಗೊತ್ತು. ಆದರೂ ನಾಳೆ ಮಾತಾಡುವವರ ಪಟ್ಟಿಗೆ ದಯವಿಟ್ಟು ನನ್ನ ಹೆಸರು ಸೇರಿಸಿ. ಟೂಹಿ ಅವರ ನಂತರವೇ ಇರಲಿ. ಈ ಆಚರಣೆ ಏಕೆ ಉಳಿಯಬೇಕೆಂದು ನಾನು ಹೇಳುತ್ತೇನೆ.

ನಿಮ್ಮ ವಿಶ್ವಾಸಿ,
ಓರ್ಲಾ ಡೆವನಿ
ಮೂರನೇ ತರಗತಿಯ ಶಿಕ್ಷಕಿ